ಖಾಲಿ ಕ್ಯಾನ್‌ಗಳ ದಾರಿ

ಕಳೆದ ಮಂಗಳವಾರ ಬಸವಕಲ್ಯಾಣದ ಗ್ಯಾರೇಜೊಂದರಲ್ಲಿ ನನ್ನ ಬೈಕಿನ ಮುಂದಿನ ಗಾಲಿ ಹಿಡಿದಿರುವ ಫೋರ್ಕಿನ ಎಣ್ಣೆ ಬದಲಾಯಿಸಿದರು. ಕಪ್ಪಗಾದ ಹಳೆಯ ಎಣ್ಣೆ ಡಬ್ಬಿಗೆ ಇಳಿಯಿತು. ಕೊಳೆತ ಮೀನಿನಂಥ ಆ ವಾಸನೆಗೆ ಹುಮನಾಬಾದಿನ ಮಿಸ್ತ್ರಿ ನೆನಪಾದರು...

ನಾನಾಗ ಹುಮನಾಬಾದಿನಲ್ಲಿ ಪತ್ರಿಕೆಯೊಂದರ ವರದಿಗಾರ. ಅವರ ತಗಡಿನ ಶೆಡ್ಡು ನನ್ನ ಕಚೇರಿಯ ಎದುರಿಗಿತ್ತು. ಬಿದ್ದ ಬೈಕುಗಳ ಮುಂಭಾಗ ನೇರ ಮಾಡುವುದರಲ್ಲಿ ಅವರದು ಪಳಗಿದ ಕೈ. ಸುದ್ದಿಯಿಲ್ಲದ ಒಂದು ಮಧ್ಯಾಹ್ನ ಅವರು ಹ್ಯಾಂಡಲ್ ತಿರುಗುವ ಕೊಳವೆಯ ಓರೆಗೆ ಸರಿಯಾಗಿ ಒಂದು ಸರಳು ಹಿಡಿದು, ಅದು ನೆಲ ಮುಟ್ಟಿದಲ್ಲಿ ಸುಣ್ಣದ ಗುರುತು ಹಾಕಿದರು. ಆಮೇಲೆ ಗಾಲಿಯ ನಡುವಿನಿಂದ ನಟ್ಟು ಕಟ್ಟಿದ ದಾರ ಇಳಿಬಿಟ್ಟು ಇನ್ನೊಂದು ಗುರುತು ಮಾಡಿದರು. ಎರಡನೆಯದು ನಾಲ್ಕು ಬೆರಳು ಹಿಂದಿತ್ತು.

“ಈ ಅಂತರಾನೇ ಬೈಕಿನ ಜೀವರಿ ಸಾಹೇಬ್ರ. ಎತ್ತಿನ ಹಿಂದ ಬಂಡಿ ಬರ್ತದಲ್ರಿ, ಹಂಗ ಗಾಲಿ ಹಿಂದ ಬರಬೇಕು. ಹಿಂದಿಂದು ಎತ್ತರ ಮಾಡಿದ್ರ ಮುಂದಿಂದು ಸೆಟದು ನಿಲ್ತದ, ಅಂತರ ಕಮ್ಮಿ ಆಗ್ತದ. ಹ್ಯಾಂಡಲ್ ನಡಗಾಕ ಹತ್ತತದ.”

ಅವರ ಅಕ್ಕನನ್ನು ಹತ್ತಿರದ ಹಳ್ಳಿ ಘಾಟಬೋರಾಳಕ್ಕೆ ಕೊಟ್ಟಿದ್ದರು. ಅಕ್ಕನ ಗಂಡ ದಿನವೂ ಬೈಕಿಗೆ ನಾಲ್ಕು ಕ್ಯಾನ್ ಕಟ್ಟಿಕೊಂಡು ಹುಮನಾಬಾದಿಗೆ ಹಾಲು ತರುತ್ತಿದ್ದ. ರಸ್ತೆಯ ಉಬ್ಬುಗಳಿಗೆ ಕ್ಯಾನಿನ ತಳ ಬಡಿದು ಹಾಲು ಚೆಲ್ಲುತ್ತಿತ್ತು. ಹಿಂಭಾಗ ಎತ್ತರಿಸಿಕೊಡು ಎಂದು ಆತ ದುಂಬಾಲು ಬಿದ್ದ. ಮಿಸ್ತ್ರಿ ಒಲ್ಲೆ ಎಂದರು. ಕೊನೆಗೆ ಅಕ್ಕನೇ ಬಂದು ಶೆಡ್ಡಿನಲ್ಲಿ ಕೂತಳು. ಸಂಜೆಯಾದರೂ ಏಳಲಿಲ್ಲ. ಮಿಸ್ತ್ರಿ ಹಿಂದೆ ಕುಲುಕು ತಡೆಯುವ ಎರಡೂ ಶಾಕ್‌ಗಳ ಕೆಳಗೆ ಕಬ್ಬಿಣದ ತುಂಡು ಬೆಸೆದರು.

ಹಾಲು ತುಂಬಿದ್ದಾಗ ಸ್ಪ್ರಿಂಗು ಕುಗ್ಗಿ ಬೈಕು ಸಮನಾಗಿರುತ್ತಿತ್ತು. ಅಪಾಯವಿದ್ದದ್ದು ಖಾಲಿ ಮರಳುವಾಗ. ಅದಕ್ಕೆ ಮಿಸ್ತ್ರಿ ಒಂದು ಷರತ್ತು ಹಾಕಿದ್ದರು: ವಾಪಸ್ಸು ಹೋಗುವಾಗ ಕ್ಯಾನಿಗೆ ನೀರು ತುಂಬಬೇಕು. ಉಸುಕಿನ ಚೀಲ ಆಗದೇ ಎಂದು ನಾನು ಕೇಳಿದ್ದೆ. “ಮರುದಿನ ಹಾಲಿನ ಮ್ಯಾಲ ಅದನ್ನೂ ಹೊತ್ತು ತರಬೇಕಲ್ರಿ. ನೀರಾದ್ರ ಊರಾಗ ಚೆಲ್ಲಬಹುದು” ಎಂದಿದ್ದರು.

ಆದರೆ ಹಾಲಿನವನು ನಳದ ಕೆಳಗೆ ಕ್ಯಾನ್ ಹಿಡಿದರೆ ಜನ ಸುಮ್ಮನಿರುತ್ತಾರೆಯೇ?

“ಏನ್ ಗೌಳ್ಯಾ, ನಾಳಿನ ಹಾಲು ಇವತ್ತೇ ತುಂಬಾಕತ್ತೀಯೇನು?”

ನಕ್ಕವರೇ ಎರಡು ವಾರದಲ್ಲಿ ಆತನ ಹಾಲು ಕೊಳ್ಳುವುದನ್ನು ಬಿಡತೊಡಗಿದರು. ಆತ ಶೆಡ್ಡಿಗೆ ಬಂದು ಕೂಗಾಡಿದ. “ಮಿಸ್ತ್ರಿ ಸಾಬ್, ನಿನ್ನ ನೀರಿನ್ಯಾಗ ನನ್ನ ಇಜ್ಜತ್ ಮುಳುಗ್ತು!”

“ಹಂಗಾದ್ರ ತುಂಡು ಕತ್ತರಿಸಿಬಿಡ್ತೀನಿ ಭಾವ.”

“ಕತ್ತರಿಸಿದ್ರ ಹಾಲು ನೀ ತರ್ತೀಯೇನು?”

ಅಂದಿನಿಂದ ಆತ ಮರಳುವ ಹೊತ್ತಿಗೆ ಮಿಸ್ತ್ರಿ ರಸ್ತೆಗೆ ಬಂದು ನಿಲ್ಲುತ್ತಿದ್ದರು. ಖಾಲಿ ಕ್ಯಾನುಗಳು ಗಡಗಡ ಎನ್ನುತ್ತ ದಾಟಿಹೋಗುತ್ತಿದ್ದವು. ಆತ ಮನೆ ಮುಟ್ಟಿದನೆಂದು ಅಕ್ಕನ ಫೋನ್ ಬಂದ ಮೇಲೆಯೇ ಅವರು ಊಟಕ್ಕೆ ಕೂರುತ್ತಿದ್ದದ್ದು. ಒಂದು ದಿನ ಫೋನ್ ಬರಲಿಲ್ಲ. ಘಾಟಬೋರಾಳದ ಇಳುಕಲಿನಲ್ಲಿ ಹ್ಯಾಂಡಲ್ ನಡುಗಿ ಆತ ಬಿದ್ದಿದ್ದ. ಸೊಂಟದ ಎಲುಬು ಮುರಿದಿತ್ತು.

ನಾನು ನಾಲ್ಕು ಸಾಲು ಬರೆದೆ: ನಿಯಂತ್ರಣ ತಪ್ಪಿ ಬೈಕ್ ಪಲ್ಟಿ, ಸವಾರನಿಗೆ ಗಾಯ. ಮರುದಿನ ಮಿಸ್ತ್ರಿ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದರು. “ಅವಂದೇನೂ ತಪ್ಪಿಲ್ರಿ ಸಾಹೇಬ್ರ. ಬೆಸುಗಿ ನಂದು. ಹಂಗ ಬರೀರಿ.” ನಾನು ಬರೆಯಲಿಲ್ಲ. ಪೊಲೀಸರು ಕೊಟ್ಟ ವಿವರದಲ್ಲಿ ಅದು ಇರಲಿಲ್ಲ ಎಂದು ಹೇಳಿ ಕಳಿಸಿದೆ...

ಆ ವಾರವೇ ಅವರು ತುಂಡುಗಳನ್ನು ಕತ್ತರಿಸಿ, ಅದೇ ಬೈಕಿನಲ್ಲಿ ಹಾಲು ತರತೊಡಗಿದರು. ಒಮ್ಮೆಗೆ ಎರಡೇ ಕ್ಯಾನು, ದಿನಕ್ಕೆ ಎರಡು ಸುತ್ತು. ಶೆಡ್ಡು ಮುಚ್ಚಿರುವುದೇ ಹೆಚ್ಚಾಯಿತು. ಗಿರಾಕಿಗಳು ಬೇರೆಡೆ ಹೋದರು. ಬಿಡುವುದು ಯಾವಾಗ ಎಂದು ಕೇಳಿದಾಗಲೆಲ್ಲ “ಅಕ್ಕನ ಮನಿ ನಡೀಬೇಕಲ್ರಿ” ಎನ್ನುತ್ತಿದ್ದರು. ನನಗೆ ಬಸವಕಲ್ಯಾಣಕ್ಕೆ ವರ್ಗವಾದಾಗಲೂ ಅವರು ಹಾಲಿನ ದಾರಿಯಲ್ಲೇ ಇದ್ದರು. ಹೇಳಿ ಬರಲು ಆಗಲಿಲ್ಲ.

ಹೋದ ವರ್ಷ ಅವರು ಕಾಮಾಲೆಯಿಂದ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ನಂತರ. ಅಷ್ಟು ಬಲ್ಲವರನ್ನು ಆ ಭಾಗದಲ್ಲಿ ನಾನು ಮತ್ತೆ ಕಂಡಿಲ್ಲ.

ಮೊನ್ನೆ ಹುಮನಾಬಾದಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಬೈಕು ಕಂಡಿತು. ಓಡಿಸುತ್ತಿದ್ದವನು ಅಕ್ಕನ ಗಂಡ. ಕಟ್ಟಿದ ನಾಲ್ಕು ಖಾಲಿ ಕ್ಯಾನುಗಳು ಕುಣಿಯುತ್ತಿದ್ದವು. ಹಿಂದಿನ ಶಾಕ್‌ಗಳ ಕೆಳಗೆ ಹೊಸದಾಗಿ ಬೆಸೆದ ಕಬ್ಬಿಣದ ತುಂಡುಗಳಿದ್ದವು. ಆತ ಘಾಟಬೋರಾಳಕ್ಕೆ ಮರಳುತ್ತಿದ್ದ.