ಹಗ್ಗ ಹಿಡಿದ ಅಧಿಕಾರಿ

ತಿಮಿಂಗಿಲವನ್ನು ಒಬ್ಬನೇ ದಡಕ್ಕೆ ಎಳೆದವನು ನಾನು. ಆದರೂ ಆ ದಿನ ನಾನು ಹೆದರಿದೆ. ಕಾಪುವಿನ ನಮ್ಮ ಯುವಕ ಮಂಡಲಕ್ಕೆ ಸರಕಾರದ ಅನುದಾನ ಕೊಡಬೇಕೋ ಬೇಡವೋ ಎಂದು ನೋಡಲು ಅಧಿಕಾರಿ ಬಂದಿದ್ದರು. ಒಳಗೆ ಇದ್ದದ್ದು ನಾನೊಬ್ಬನೇ.

"ಯುವಕರು ಎಲ್ಲಿ ಅಜ್ಜ?"

"ಬಂಗುಡೆ ಬಂದಿದೆ ಸರ್. ಎಲ್ಲ ಬಲೆ ಎಳೆಯಲಿಕ್ಕೆ ಹೋಗಿದ್ದಾರೆ."

"ಮಂಡಲ ಖಾಲಿ ಎಂದು ಬರೆಯುತ್ತೇನೆ."

"ಬರೆಯುವ ಮೊದಲು ಬಂದು ನೋಡಿ ಮಾರಾಯ್ರೆ!"

ಕಡಲ ಬದಿಯಲ್ಲಿ ಹುಡುಗರೆಲ್ಲ ಹಗ್ಗಕ್ಕೆ ಜೋತುಬಿದ್ದಿದ್ದರು. ಹಗ್ಗ ಅವರ ಕೈಯಿಂದ ಜಾರತೊಡಗಿತು. ಅಧಿಕಾರಿ ಚಪ್ಪಲಿ ಬಿಟ್ಟು ತಾವೂ ಹಿಡಿದರು. ಬಲೆ ದಡಕ್ಕೆ ಬಂತು. ಹಗ್ಗ ಮುಟ್ಟಿದವರಿಗೆಲ್ಲ ನಮ್ಮಲ್ಲಿ ಪಾಲು ಉಂಟು. ಅಧಿಕಾರಿಯ ಮುಂದೆಯೂ ಮೀನಿನ ರಾಶಿ ಬಿತ್ತು.

ಅವರ ಮುಖ ಬಿಗಿಯಿತು. "ಇದು ಲಂಚ ಆಗ್ತದೆ."

"ಪಾಲು ಬಿಟ್ಟು ಹೋದರೆ ಹುಡುಗರಿಗೆ ಅವಮಾನ ಆಗ್ತದೆ," ಎಂದೆ.

"ಹಾಗಾದರೆ ಇಲ್ಲೇ ಹುರಿಯಿರಿ, ಎಲ್ಲರೂ ತಿನ್ನುವ," ಎಂದರು ಅಧಿಕಾರಿ.

ಅನುದಾನ ಬಂತು. ಈಗ ಅಧಿಕಾರಿ ತಪಾಸಣೆಗೆ ಹೊರಡುವ ಮೊದಲು ನನಗೇ ಫೋನ್ ಮಾಡುತ್ತಾರೆ: "ಅಜ್ಜ, ಬಂಗುಡೆ ಬಂತಾ?"