ಅಣ್ಣಾಸಾಬರು ಕೊಯ್ಯದೆ ಬಿಟ್ಟ ಹುಲ್ಲು

ಪುಷ್ಯ ಮಾಸದ ಬೆಳಗು. ಶೇಡಬಾಳದಿಂದ ಕೃಷ್ಣೆಯ ಕಡೆಗೆ ಇಳಿಯುವ ದಾರಿಯಲ್ಲಿ ಮಂಜು ಎಷ್ಟು ದಟ್ಟವಾಗಿದೆಯೆಂದರೆ ನನ್ನ ಬೈಕಿನ ಮುಂದಿನ ಗಾಲಿಯೇ ನನಗೆ ಕಾಣುತ್ತಿಲ್ಲ. ಎಲ್ಲಿಂದಲೋ ಕಿರ್, ಕಿರ್ ಎಂಬ ಸದ್ದು ಬರುತ್ತಿದೆ. ಬೈಕು ನಿಲ್ಲಿಸಿ ಆ ಸದ್ದಿನ ಬೆನ್ನು ಹತ್ತಿ ನಡೆದರೆ, ಒಂದು ಬಿಳಿ ಟೋಪಿ ಮಾತ್ರ ನೆಲ ಬಿಟ್ಟು ತೇಲಿಕೊಂಡು ಹೋಗುತ್ತಿದೆ! ಆಮೇಲೆ ನಿಧಾನವಾಗಿ ಟೋಪಿಯ ಕೆಳಗೊಂದು ಮುಖ, ಮುಖದ ಕೆಳಗೊಂದು ಕಂಬಳಿ, ಕೊನೆಗೆ ಹುಲ್ಲು ಕತ್ತರಿಸುವ ಕೈಮಷಿನ್ನು ಮೂಡುತ್ತವೆ.

"ಅಲ್ಲೇ ನಿಂದರ್ರಿ ಸಾಹೇಬ್ರ, ಮುಂದ ಕುಣಿ ಐತಿ!"

ನಿಲ್ಲುವಷ್ಟರಲ್ಲಿ ನನ್ನ ಕಾಲು ಕುಣಿಯಲ್ಲಿದೆ. ಗಾಲ್ಫ್ ಚೆಂಡು ಬೀಳಬೇಕಾದ ಕುಣಿ ಅದು. ಅಣ್ಣಾಸಾಬ ಚೌಗಲೆಯವರು ಮಷಿನ್ನು ನಿಲ್ಲಿಸಿ, ಬಾಯಿ ತುಂಬ ನಗುತ್ತ ನನ್ನನ್ನು ಎಳೆದುಕೊಳ್ಳುತ್ತಾರೆ.

ಕಾಗವಾಡ ತಾಲೂಕಿನಲ್ಲಿ ಗಾಲ್ಫ್ ಎಂದರೆ ಯಾರಾದರೂ ನಕ್ಕಾರು. ಪೇಪರಿಗೆ ಬರೆಯಲೆಂದು ಬಂದ ನಾನೂ ನಕ್ಕವನೇ. ಆದರೆ ನೀರು ಹಾಯಿಸಿ ಹಾಯಿಸಿ ಉಪ್ಪೇರಿ ಸವಳಾಗಿ ಹೋದ ಈ ಹೊಲದಲ್ಲಿ ಕಬ್ಬು ಏಳುವುದಿಲ್ಲ, ದ್ರಾಕ್ಷಿಯ ಮಾತೇ ಬೇಡ. ಹುಲ್ಲು ಮಾತ್ರ ಹುಚ್ಚೆದ್ದು ಬೆಳೆಯುತ್ತದೆ. ಕೊಲ್ಹಾಪುರದ ಗಾಲ್ಫ್ ಮೈದಾನದಲ್ಲಿ ಅರ್ಧ ಆಯುಷ್ಯ ಹುಲ್ಲು ಕೊಯ್ದ ಅಣ್ಣಾಸಾಬರಿಗೆ ಹೊಲ ಹಾಳಾಯಿತೆಂದು ಅನಿಸಲೇ ಇಲ್ಲವಂತೆ. ಊರಿಗೆ ಮರಳಿದವರೇ ಐದು ಕುಣಿ ತೋಡಿ, ಹೆಂಡತಿ ಅಕ್ಕುತಾಯಿಯ ಹಳೆಯ ಸೀರೆ ಹರಿದು ಬಾವುಟ ಕಟ್ಟಿದ್ದಾರೆ. ಆಡುವ ಕೋಲುಗಳು ಕೊಲ್ಹಾಪುರದ ಹಳೆಯ ಸಾಹುಕಾರರು ಕೊಟ್ಟವು.

ರವಿವಾರ ಬಂತೆಂದರೆ ಅಥಣಿ, ನಿಪ್ಪಾಣಿ, ಚಿಕ್ಕೋಡಿಯಿಂದ ಗಂಡಸರು ಬರುತ್ತಾರೆ. ಧೋತರದವರು, ಪ್ಯಾಂಟಿನವರು, ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದವರು. ಆಟಕ್ಕೆ ರೊಕ್ಕವಿಲ್ಲ. ಆದರೆ ಚೆಂಡು ಕಳೆದವರು ಡಬ್ಬಿಗೆ ಐವತ್ತು ರೂಪಾಯಿ ಹಾಕಬೇಕು. ಗಂಡಸರ ಮೂತ್ರದ ತೊಂದರೆ, ಪ್ರಾಸ್ಟೇಟ್ ಗ್ರಂಥಿಯ ಗಂಟು, ಇವುಗಳ ತಪಾಸಣೆಗೆ ಆ ಡಬ್ಬಿಯ ಹಣ ಹೋಗುತ್ತದೆ. ಚೆಂಡು ಕಳೆಯಲೆಂದೇ ಮೈದಾನದ ಎರಡೂ ಮಗ್ಗುಲಲ್ಲಿ ಮೊಣಕಾಲುದ್ದದ ಹುಲ್ಲನ್ನು ಅಣ್ಣಾಸಾಬರು ಕೊಯ್ಯದೆ ಬಿಟ್ಟಿದ್ದಾರೆ.

"ರೊಕ್ಕಕ್ಕಾಗಿ ಅಷ್ಟ ಅಲ್ರಿ," ಎನ್ನುತ್ತಾರೆ ಅವರು. "ಕೊಲ್ಹಾಪುರದಾಗ ನಾ ನೋಡೇನಿ. ದೊಡ್ಡ ದೊಡ್ಡ ಮಂದಿ ಕುರ್ಚಿ ಮ್ಯಾಲ ಕುಂತಾಗ ಬರೇ ಧಿಮಾಕು. ಚೆಂಡ ಹುಡುಕಾಕ ಹುಲ್ಲಾಗ ಇಳದ್ರಂದ್ರ ತಲಿ ಬಗ್ಗತೈತಿ, ಒಬ್ಬರ ಮುಖಾ ಒಬ್ಬರ ನೋಡೂದಿಲ್ಲ. ಆವಾಗ ಖರೇ ಮಾತ ಹೊರಗ ಬರ್ತಾವ. ಒಬ್ಬ ವಕೀಲರು ತಮ್ಮ ದೋಸ್ತಗ ಹಿಂಗ ಒಂದಕ್ಕ ಹೋಗೂ ತ್ರಾಸ ಹೇಳಾಕತ್ತಿದ್ರು. ನಂಗೂ ಹಂಗ ಆಗ್ತಿತ್ರಿ, ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಮರುದಿನಾನ ದವಾಖಾನಿಗೆ ಹ್ವಾದೆ. ಗಂಟು ಸಣ್ಣದಿತ್ತು, ತಗದ್ರು. ಅವತ್ತ ಅಲ್ಲಿ ಹುಲ್ಲ ಕೊಯ್ಯಾಕತ್ತಿದ್ದೆ, ಅದಕ್ಕ ಉಳದೆ."

ಇಷ್ಟು ಹೇಳಿ ಅವರು ಮತ್ತೆ ಮತ್ತೆ ದಾರಿಯ ಕಡೆ ನೋಡುತ್ತಾರೆ. ಕಾರಣವನ್ನು ಚಹಾದ ಕಿಟ್ಲಿ ಹಿಡಿದು ಬಂದ ಅಕ್ಕುತಾಯಿ ಮೆಲ್ಲಗೆ ನನಗೆ ಹೇಳುತ್ತಾರೆ. ಮಗಳು ರೂಪಾಲಿಯನ್ನು ಮುಗಳಖೋಡಕ್ಕೆ ಕೊಟ್ಟಿದ್ದಾರೆ. ಅವಳ ಮಾವ ಭೀಮಗೊಂಡ ಮಗದುಮ್ಮರು ರಾತ್ರಿಯಿಡೀ ಎದ್ದು ಹೊರಗೆ ಹೋಗುತ್ತಾರೆ. ಧೋತರದ ಮೇಲೆ ರಕ್ತದ ಕಲೆ ಕಂಡು ಹುಡುಗಿ ಹೆದರಿ ತಾಯಿಗೆ ಫೋನು ಮಾಡಿದ್ದಾಳೆ. ಮಗ ಕೇಳಿದರೆ ಗದರಿಸುತ್ತಾರೆ, ಡಾಕ್ಟರ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಾರೆ.

"ಬೀಗರ ಮುಂದ ಇಂಥಾ ಮಾತ ಹ್ಯಾಂಗ ತಗೀಬೇಕ್ರಿ?" ಎಂದು ಅಕ್ಕುತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಮಾತ ತಪ್ಪಿದ್ರ ಮಗಳ ಬಾಳೇಕ ಬಂತು. ಸುಮ್ನ ಇದ್ರ ಆ ಮನಶಾನ ಜೀವಾನ ಹೋಗತೈತಿ."

ಅಂತೂ 'ನಮ್ಮ ಆಟ ನೋಡಾಕ ಬರ್ರಿ' ಎಂಬ ನೆವದಲ್ಲಿ ಕರೆಸಿದ್ದಾಯಿತು. ಬಿಸಿಲು ಮೂಡುವ ಹೊತ್ತಿಗೆ ಭೀಮಗೊಂಡರು ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿಯಲ್ಲಿ ಬಂದಿಳಿಯುತ್ತಾರೆ. ಬೀಗರಿಬ್ಬರೂ ಕೈ ಮುಗಿಯುವುದೇನು, 'ನೀವ ಮುಂದ ಆಗ್ರಿ' 'ಇಲ್ರಿ, ನೀವ ಆಗ್ರಿ' ಎನ್ನುವುದೇನು! ಮದುವೆ ಚಪ್ಪರದ ಮರ್ಯಾದೆಯೆಲ್ಲ ಹುಲ್ಲಿನ ಮೇಲೆ ಬಂದು ನಿಂತಿದೆ. ಭೀಮಗೊಂಡರು ಕೋಲು ಹಿಡಿದು, ಚಿಣಿದಾಂಡು ಆಡಿದ ಜೋರಿನಲ್ಲಿ ಬೀಸುತ್ತಾರೆ. ಚೆಂಡು ಬಾವುಟದ ಮುಖವನ್ನೂ ನೋಡದೆ ಎತ್ತರದ ಹುಲ್ಲಿಗೆ ಹಾರುತ್ತದೆ.

ಇಬ್ಬರೂ ತಲೆ ಬಗ್ಗಿಸಿ ಹುಲ್ಲಿಗೆ ಇಳಿಯುತ್ತಾರೆ. ಮಂಜು ಇನ್ನೂ ಸೊಂಟದವರೆಗೆ ನಿಂತಿದೆ. ದೂರದಿಂದ ಎರಡು ಬಿಳಿ ಟೋಪಿಗಳಷ್ಟೇ ಕಾಣುತ್ತವೆ, ಒಮ್ಮೆ ಹತ್ತಿರವಾಗಿ, ಒಮ್ಮೆ ದೂರವಾಗಿ, ಹೊತ್ತು ಗೊತ್ತಿಲ್ಲದೆ ತೇಲಾಡುತ್ತವೆ. ಕಾಲವೇ ಮರೆತುಹೋದಂಥ ಆ ಹೊತ್ತಿನಲ್ಲಿ ನನಗೂ ಏನೋ ಸುಖವಾಗುತ್ತದೆ. ಪತ್ರಕರ್ತನ ಬುದ್ಧಿ ಬಿಡಬೇಕಲ್ಲ, ಹುಡುಕಲು ಕೈಜೋಡಿಸುತ್ತೇನೆಂದು ನಾನೂ ಹೋಗುತ್ತೇನೆ. ಹತ್ತಿರ ಹೋದರೆ, ಭೀಮಗೊಂಡರ ಚಪ್ಪಲಿಯ ಅಂಚಿನಲ್ಲಿ ಬೆಳ್ಳಗೆ ಏನೋ ಇಣುಕುತ್ತಿದೆ. ಚೆಂಡು! ಅವರು ಅದರ ಮೇಲೆ ಕಾಲಿಟ್ಟು ನಿಂತಿದ್ದಾರೆ. ನಿಂತು, ತಲೆ ಎತ್ತದೆ, ಮೆಲುದನಿಯಲ್ಲಿ ಮಾತಾಡುತ್ತಿದ್ದಾರೆ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣಾಸಾಬರು, "ಸಾಹೇಬ್ರ, ನೀವ ಆ ಕಡೆ ಹುಡುಕ್ರಿ," ಎಂದು ನನ್ನನ್ನು ಅತ್ತ ಕಳಿಸುತ್ತಾರೆ. ಚೆಂಡು ಅವರಿಗೂ ಕಂಡಿದೆ.

ಮಂಜು ಕರಗಿದ ಮೇಲೆ ಇಬ್ಬರೂ ಬದುವಿನ ಮೇಲೆ ಒಂದೇ ಕಂಬಳಿ ಹಾಸಿಕೊಂಡು ಚಹಾ ಕುಡಿಯುತ್ತಾರೆ. ನಾಳೆ ಮಿರಜಿನ ದವಾಖಾನೆಗೆ ಹೋಗುವುದೆಂದು ಠರಾವಾಗಿದೆ. ಅಣ್ಣಾಸಾಬರೇ ಜೊತೆಗೆ ಹೋಗುತ್ತಾರೆ. ಕಿಟ್ಲಿ ಹಿಡಿದ ಅಕ್ಕುತಾಯಿ ಇಬ್ಬರ ಬಸಿಗೂ ಮತ್ತೆ ಚಹಾ ಸುರಿಯುತ್ತಾರೆ. ಡಾಕ್ಟರು ಏನು ಹೇಳುತ್ತಾರೋ ಯಾರಿಗೂ ಗೊತ್ತಿಲ್ಲ.

ಹೊರಡುವ ಮುನ್ನ ಭೀಮಗೊಂಡರಿಗೆ ಹೇಳುತ್ತೇನೆ, "ಕಾಕಾರ, ಬರೆಯುವಾಗ ನಿಮ್ಮ ಹೆಸರು, ಊರು ಬದಲಿಸುತ್ತೇನೆ, ಚಿಂತಿ ಮಾಡಬೇಡ್ರಿ."

ಅವರು ಬಸಿ ಕೆಳಗಿಡುತ್ತಾರೆ. "ಯಾಕ ಬದಲಸ್ತೀರಿ? ಭೀಮಗೊಂಡ ಮಗದುಮ್, ಮುಗಳಖೋಡ. ಪೂರ್ತಿ ಹಾಕ್ರಿ. ಯಾರದೋ ಬ್ಯಾನಿ ಅಂದ್ರ ನಮ್ಮ ಮಂದಿ ಪೇಪರ್ ಮಡಚಿ ಇಡ್ತಾರ. ನಂದು ಅಂದ್ರ ಓದ್ತಾರ."

ಅಣ್ಣಾಸಾಬರು ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ ಹೇಳುತ್ತಾರೆ:

"ನಮ್ಮ ಬೀಗರ್ರೀ, ಇವ್ರು."