ಅವ್ವೆಯ ಮಣಿಕಟ್ಟಿಗೆ ಕೊಂಡ ಎಮ್ಮೆ

ಎಮ್ಮೆಗೆ ಏಳು ಸಾವಿರ ಕೊಟ್ಟೆ. ಕೇಳಿದ್ದು ಒಂಬತ್ತು. ಊಟಿ ಮಾರ್ಕೆಟ್ಟಿನಲ್ಲಿ ಕ್ಯಾರೆಟ್, ಕೋಸು ಕೊಂಡು ಮಾರಿ ಮೇಲೆ ಬಂದವನು ನಾನು. ಹೇಳಿದ ಬೆಲೆಗೆ ಒಂದು ಕಟ್ಟು ಕೊತ್ತಂಬರಿಯನ್ನೂ ಕೊಂಡವನಲ್ಲ. ಟೀ ಎಲೆಯ ಬೆಲೆ ನೆಲ ಕಚ್ಚಿದ್ದ ಕಾಲ ಅದು. ಕೂಕಲ್ತೊರೈ ಪಕ್ಕದ ನಮ್ಮ ಹಟ್ಟಿಯಲ್ಲಿ ಎಲ್ಲರೂ ಎಮ್ಮೆ ಮಾರಿ ಕೊಟ್ಟಿಗೆಗೆ ಸೌದೆ ತುಂಬಿದ್ದರು. ಅಂಥ ಹೊತ್ತಿನಲ್ಲಿ ನಾನೊಬ್ಬನೇ ಎಮ್ಮೆ ಹಿಡಿದು ಬಂದದ್ದು ನನ್ನನ್ನು ಹೆತ್ತ ಅವ್ವೆಯ ಬಲಗೈ ಮಣಿಕಟ್ಟಿಗಾಗಿ.

ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದ ಒಂದು ಬೆಳಗ್ಗೆ ಅವ್ವೆ ನಲ್ಲಿಯ ಹತ್ತಿರ ಜಾರಿ, ಕೈ ಊರಿ ಕೂತುಬಿಟ್ಟಳು. ಬಿದ್ದಳು ಅನ್ನುವಷ್ಟೂ ಇಲ್ಲ. ಕೊಡ ಕೂಡ ನೆಗ್ಗಲಿಲ್ಲ, ಮಣಿಕಟ್ಟು ಮುರಿಯಿತು. ಊಟಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಇಷ್ಟಕ್ಕೇ ಮುರಿಯಬಾರದಿತ್ತು. ಏನು ತಿಂತಾರೆ ಇವರು?"

"ರೇಷನ್ ಅಕ್ಕಿ ಅನ್ನ, ಸಾರು," ಎಂದೆ.

"ಹಾಲು?"

"ಟೀಗೆ ಹಾಕ್ತೀವಿ."

"ಎನಗೆ ಟೀಗೂ ಬೇಡ. ಕರಿ ಟೀಯೇ," ಎಂದಳು ಅವ್ವೆ, ಬಹುಮಾನ ಸಿಗುತ್ತದೆ ಎನ್ನುವಂತೆ.

ವಯಸ್ಸಿನ ಪಾಲೂ ಇದೆ, ಆದರೆ ಊಟದ ಪಾಲು ದೊಡ್ಡದು ಎಂದರು ಡಾಕ್ಟರು. ಗುಂಡಿಗೆ ಬಡಿಯುವುದಕ್ಕೂ ನರ ಆಡುವುದಕ್ಕೂ ದಿನಾ ಕ್ಯಾಲ್ಸಿಯಂ ಬೇಕಂತೆ. ತಟ್ಟೆಯಲ್ಲಿ ಬರದಿದ್ದರೆ ಮೈ ಅದನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದಂತೆ. ನನಗೆ ಥಟ್ಟನೆ ಅರ್ಥವಾಯಿತು. ವ್ಯಾಪಾರವಿಲ್ಲದ ಅಂಗಡಿಯವನು ಬಂಡವಾಳವನ್ನೇ ತಿನ್ನುತ್ತಾನಲ್ಲ, ಹಾಗೆ. ಹೊರಗಿನಿಂದ ನೋಡಿದರೆ ಬೋರ್ಡು ಫಳಫಳ, ಒಳಗೆ ಅಲಮಾರು ಖಾಲಿ. "ಇನ್ನೊಂದು ಸಲ ಬಿದ್ದರೆ ಸೊಂಟ. ಆಮೇಲೆ ಹಾಸಿಗೆ," ಎಂದರು.

ಅವ್ವೆಗೆ ಸೊಂಟದ ಚಿಂತೆ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ನನ್ನ ಮಗಳ ಮದುವೆ. ನಮ್ಮ ಬಡಗರಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಗ್ಗಿಸಬೇಕು, ಹಿರಿಯರು ನೆತ್ತಿಯ ಮೇಲೆ ಬಲಗೈ ಇಟ್ಟು ಹರಸಬೇಕು. ಬಸ್ ಸ್ಟಾಪಿನಲ್ಲಿ ಸಿಕ್ಕರೂ ಇದು ತಪ್ಪುವುದಿಲ್ಲ. ಮದುವೆಯ ದಿನ ಹಟ್ಟಿಗೆ ಹಟ್ಟಿಯೇ ಬಂದು ತಲೆ ಬಗ್ಗಿಸುತ್ತದೆ. ಕೈಗೆ ಹಾಕಿದ್ದ ಪ್ಲಾಸ್ಟರು ಬಿಚ್ಚಿದಾಗ ಅವ್ವೆಯ ಕೈ ಒಂದು ಲೋಟವನ್ನೂ ಎತ್ತಲಿಲ್ಲ. ಮೊಮ್ಮಗಳನ್ನು ಎಡಗೈಯಲ್ಲಿ ಹರಸಬೇಕಾಗುತ್ತದೆಂದು ಅವಳು ಊಟವನ್ನೇ ಕಡಿಮೆ ಮಾಡಿದಳು. ಮೂಳೆಗೆ ಇದಕ್ಕಿಂತ ಕೆಟ್ಟ ಸೇವೆ ಇಲ್ಲ.

ಎಮ್ಮೆ ಹುಡುಕಿದೆ. ಕೆಳಗಿನ ಹಟ್ಟಿಯ ಮುದುಕರೊಬ್ಬರ ಹತ್ತಿರ ಒಂದು ಉಳಿದಿತ್ತು. ಹಲ್ಲು ಬಿಡಿಸಿ ನೋಡಿ, "ಅಯ್ಯಾ, ಇದು ಎನಗಿಂತ ಹಿರಿಯಳು," ಎಂದೆ.

"ಹಾಗಾದರೆ ತಲೆ ಬಗ್ಗಿಸು, ಹರಸ್ತಾಳೆ. ಹರಕೆಗೆ ಬೇರೆ ದುಡ್ಡಿಲ್ಲ."

ಸಂಜೆವರೆಗೆ ಕೂತೆ. ಏಳಕ್ಕೆ ಇಳಿದರು. ಹಗ್ಗ ಮಾತ್ರ ಕೊಡಲಿಲ್ಲ. ನನ್ನ ಟವೆಲ್ಲನ್ನೇ ಕಟ್ಟಿ ಹಿಡಿದು ತಂದೆ.

ಹಾಲು ಗಟ್ಟಿಯಾಗಿತ್ತು. ಬೆಳಗ್ಗೆ ಕರೆದು, ಅವ್ವೆಯ ಪಾಲು ಬೇರೆ ತೆಗೆದಿಟ್ಟು ನಾನು ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ವಾರಗಳು ಕಳೆದರೂ ಕೈಗೆ ಬಲ ಬರಲಿಲ್ಲ. ಒಂದು ದಿನ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಟೀ ಕುಡಿದು, "ಈಚೆಗೆ ನಿನ್ನ ಟೀ ಚೆನ್ನಾಗಿದೆಯಲ್ಲ," ಎಂದು ಹೊಗಳಿದೆ.

ಅಂಗಡಿಯವನು ನಕ್ಕ. "ನಿಮ್ಮ ಎಮ್ಮೆ ಹಾಲು ಅಣ್ಣಾ. ನಿಮ್ಮ ಅವ್ವೆ ಕೊಡ್ತಾರೆ. ಸೊಸೈಟಿಗಿಂತ ಒಂದು ರೂಪಾಯಿ ಜಾಸ್ತಿ ಹಿಂಡ್ತಾರೆ. ಚೌಕಾಸಿಯಲ್ಲಿ ಮಗನದೇ ಬಾಯಿ."

ನನ್ನ ಎಮ್ಮೆಯ ಹಾಲನ್ನು ನಾನೇ ಕಾಸು ಕೊಟ್ಟು ಕುಡಿದಿದ್ದೆ. ಮನೆಗೆ ಬಂದು ಕೇಳಿದರೆ ಅವ್ವೆ ಕಕ್ಕಾಬಿಕ್ಕಿಯಾಗಲಿಲ್ಲ.

"ನಾ ಹುಡುಗಿಯಾಗಿದ್ದಾಗ ಹಾಲಿಡುವ ಕೋಣೆಗೆ ಹೆಂಗಸರು ಕಾಲಿಡ್ತಿರಲಿಲ್ಲ. ಕರೆಯೋದು ಗಂಡಸರು, ಕಾಯಿಸೋದು ಗಂಡಸರು. ಹಾಲು ದೇವರಿಗೆ, ಗಂಡುಮಕ್ಕಳಿಗೆ. ಈಗ ಲೋಟ ತುಂಬ ಹಿಡಿದರೆ ಗಂಟಲಲ್ಲಿ ಇಳಿಯೋದಿಲ್ಲ, ಮಗಾ."

"ಮತ್ತೆ ಆಗ ನಿನ್ನ ಮೂಳೆ ಗಟ್ಟಿ ಇದ್ದದ್ದು ಹೇಗೆ?"

"ಎರಗಿ ಹಿಟ್ಟು ತಿಂತಿದ್ದೆವು, ನಡುವೆ ಕುಳಿ ಮಾಡಿ ತುಪ್ಪ ಹಾಕಿ. ದಂಟು ಸೊಪ್ಪು, ಅವರೆ ಉದಕ, ಮಜ್ಜಿಗೆ. ಈಗ ಎರಗಿ ಎಲ್ಲಿದೆ? ಹೊಲವೆಲ್ಲ ಟೀ ಹಾಕಿದ್ದೀರಿ. ಟೀ ಎಲೆ ಬೇಯಿಸಿ ಮುದ್ದೆ ಕಟ್ಟಲಾ?"

ಎರಗಿ ಎಂದರೆ ರಾಗಿ, ಉದಕ ಎಂದರೆ ನಮ್ಮ ಅವರೆಕಾಳಿನ ಸಾರು. ನಾನು ಬಾಗಿಲಾಚೆ ನೋಡಿದೆ. ಬೆಟ್ಟಕ್ಕೆ ಬೆಟ್ಟವೇ ಹಸಿರಾಗಿತ್ತು, ಅದರಲ್ಲಿ ತಿನ್ನುವ ಎಲೆ ಒಂದೂ ಇರಲಿಲ್ಲ.

ಆಗ ಮಗಳು ಒಳಗಿನಿಂದ ಬಂದು ಅಜ್ಜಿಯ ಮುಂದೆ ತಲೆ ಬಗ್ಗಿಸಿದಳು. "ಹರಸು, ಹೆತ್ತೆ," ಎಂದಳು. ಅಜ್ಜಿಯನ್ನು ನಾವು ಕರೆಯುವುದು ಹಾಗೆ.

ಅವ್ವೆ ಎಡಗೈ ಎತ್ತಿದಳು. ಮಗಳು ತಲೆ ಹಿಂದಕ್ಕೆ ತೆಗೆದಳು.

"ಅದು ಬೇಡ. ಬಲಗೈ ಬರುವವರೆಗೆ ಎನ್ನ ಮದುವೆ ಮುಂದಕ್ಕೆ ಹೋಗಲಿ. ಗಂಡಿನ ಮನೆಯವರಿಗೆ ನೀನೇ ಹೇಳಿಕೋ."

ಅಷ್ಟು ಒಳ್ಳೆಯ ವ್ಯಾಪಾರ ನಾನು ಜನ್ಮದಲ್ಲಿ ಮಾಡಿಲ್ಲ. ಅವ್ವೆ ಅಲ್ಲೇ ಒಪ್ಪಂದಕ್ಕೆ ಕೂತಳು. ಹಾಲು ಬೇಡ, ಮೊಸರು, ಮಜ್ಜಿಗೆ ಆಗಬಹುದು. ಮಧ್ಯಾಹ್ನ ಹಿಟ್ಟು ಬೇಕು. ಅವಳೊಬ್ಬಳಿಗೇ ಅಲ್ಲ, ನಾನೂ ನನ್ನ ಹೆಂಡತಿಯೂ ಜೊತೆಯಲ್ಲೇ ಕೂತು ತಿನ್ನಬೇಕು. ಎಲ್ಲರ ಊಟವಾದ ಮೇಲೆ ತಾನೊಬ್ಬಳೇ ಪಾತ್ರೆ ಬಳಿದು ತಿನ್ನುವುದು ಇನ್ನು ಆಗದು.

ಗುಂಡ್ಲುಪೇಟೆಯಿಂದ ಗೂಡಲೂರಿಗೆ ಬರುವ ಲಾರಿಯವನ ಹತ್ತಿರ ಒಂದು ಮೂಟೆ ರಾಗಿ ಇಳಿಸಿಕೊಂಡೆ. ಅಲ್ಲೇ ಮಲಯಾಳಿ ಅಂಗಡಿಯಲ್ಲಿ ಮುಳ್ಳು ಸಮೇತ ತಿನ್ನುವ ಸಣ್ಣ ಒಣಮೀನು ಕೊಂಡೆ. ಮನೆಯ ಪಕ್ಕದ ಟೀ ಗಿಡಗಳನ್ನು ಕೀಳಿಸಿ ರಾಗಿ, ದಂಟು ಸೊಪ್ಪು ಬಿತ್ತಿದೆ. ಪಕ್ಕದ ಮನೆಯವನು ಬೇಲಿಯ ಮೇಲಿನಿಂದ, "ಏನಪ್ಪಾ, ಟೀ ಕಿತ್ತು ಎರಗಿ ಹಾಕಿದೆ. ನಾಳೆ ಬಸ್ಸು ಬಿಟ್ಟು ಕುದುರೆ ಹತ್ತುತ್ತೀಯಾ?" ಎಂದ. ಮುಂದಿನ ವರ್ಷ ನನ್ನ ಹತ್ತಿರವೇ ಬೀಜ ಕೇಳಲು ಬಂದ. ಪುಕ್ಕಟೆ ಕೊಡಲಿಲ್ಲ, ಅವನ ಹಳೇ ಹಗ್ಗ ಇಸಕೊಂಡೆ.

ಡಾಕ್ಟರು ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಯನ್ನೂ ಬಿಡಿಸಲಿಲ್ಲ. ಅವ್ವೆ ಅದನ್ನು ಕರಿ ಟೀಯಲ್ಲಿ ನುಂಗುವುದನ್ನು ಕೇಳಿ ಡಾಕ್ಟರು ತಲೆ ಚಚ್ಚಿಕೊಂಡರು. ಮಾತ್ರೆ ಊಟದ ಜೊತೆ, ಟೀ ಬಹಳ ಹೊತ್ತು ಬಿಟ್ಟು, ಮಂಜು ಸರಿದಾಗಲೆಲ್ಲ ಬಿಸಿಲು ಎಂದರು. ಬಿಸಿಲು ಬೀಳದ ಮೈಗೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಹತ್ತುವುದಿಲ್ಲವಂತೆ. ಅವ್ವೆ ಬಿಸಿಲಲ್ಲಿ ಕೂತು ಹಿಟ್ಟಿನ ಮುದ್ದೆಯನ್ನೇ ಬಲಗೈಯಲ್ಲಿ ಅಮುಕಿ ಅಮುಕಿ ಬೆರಳು ಪಳಗಿಸಿದಳು.

ಮದುವೆಯ ದಿನ ಮಗಳು ತಲೆ ಬಗ್ಗಿಸಿದಾಗ ಅವ್ವೆಯ ಬಲಗೈ ಮೆಲ್ಲಗೆ ಮೇಲೆದ್ದಿತು, ನೆತ್ತಿಯ ಮೇಲೆ ಕೂತಿತು. "ಒಂದು ಒಂಬತ್ತಾಗಲಿ," ಎಂದು ಹರಸಿ ಕೈ ತೆಗೆಯಲೇ ಇಲ್ಲ. ಹಿಂದೆ ಸಾಲು ಬೆಳೆಯಿತು.

"ಹೆತ್ತೆ, ಕತ್ತು ನೋಯ್ತಿದೆ," ಎಂದಳು ಮಗಳು ಬಗ್ಗಿಕೊಂಡೇ.

"ನೋಯಲಿ. ಎರಗಿ ತಿನ್ನು, ಸರಿಹೋಗುತ್ತದೆ."

ನಿಮಗೆ ನಾನು ಹೇಳುವುದಿಷ್ಟು. ಮುರಿಯುವವರೆಗೆ ಕಾಯಬೇಡಿ, ಮುರಿದ ಮೇಲೆ ಎಮ್ಮೆಯ ಬೆಲೆಯೂ ಏರುತ್ತದೆ. ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರೆಂದು ಇವತ್ತೇ ನೋಡಿ, ಮೊಸರಿನ ಪಾತ್ರೆ ಅವರ ಮುಂದೆ ಮೊದಲು ಇಡಿ. ಅವರು ತಿನ್ನುವವರೆಗೆ ಎದ್ದು ಹೋಗಬೇಡಿ, ಇಲ್ಲದಿದ್ದರೆ ಅದು ಟೀ ಅಂಗಡಿಗೆ ಹೋಗುತ್ತದೆ. ರಾಗಿಯನ್ನು ಸುಗ್ಗಿಯಲ್ಲಿ, ಮೂಟೆ ಲೆಕ್ಕದಲ್ಲಿ ಕೊಳ್ಳಿ. ಹಿರಿಯರಿಗೆ ಅಪ್ಪಣೆ ಮಾಡಬೇಡಿ, ಚೌಕಾಸಿ ಮಾಡಿ. ಒಂದು ಚೊಂಬು ಮಜ್ಜಿಗೆ ಕುಡಿಯಲೇಬೇಕೆಂದು ಹಟ ಹಿಡಿಯಿರಿ. ದೊಡ್ಡ ಲೋಟಕ್ಕೆ ಇಳಿಯುತ್ತಾರೆ. ನಿಮಗೆ ಬೇಕಾದದ್ದೂ ಅಷ್ಟೇ.